ಎತ್ತಂಗಡಿಗೂ ನಿಯಮ ಬೇಕು

ಕುರ್ಡಿಯ ಬಸ್ ಚಾಲಕನಿಗೂ ವಿಮಾನ ಹಾರಿಸುವವನಿಗೂ ಏನು ಸಂಬಂಧವೆಂದು ಕೆಲವರು ನಕ್ಕಾರು. ಇಬ್ಬರೂ ದುಡಿಮೆಗಾರರೇ. ಅಮೆರಿಕದ ದೊಡ್ಡ ವಿಮಾನ ಕಂಪನಿಗಳಲ್ಲಿ ಒಂದು ನೆಲೆಯಲ್ಲಿ ಪೈಲಟರು ಹೆಚ್ಚಾದರೆ, ಹಿರಿಯರು ತಾವಾಗಿ ಒಪ್ಪದಿದ್ದಲ್ಲಿ, ಜಾಗ ಬಿಡಬೇಕಾದವನು ಸೇವೆಯಲ್ಲಿ ಕಿರಿಯ. ಅವನೂ ತನ್ನ ಸೇವಾಹಿರಿತನಕ್ಕೆ ದಕ್ಕುವ ಬೇರೆ ನೆಲೆಯನ್ನು ಕೇಳಿ ಪಡೆಯಬಹುದು. ಇದು ಮಾಲೀಕರ ಕೃಪೆಯಲ್ಲ, ಸಂಘವು ಬರೆಸಿಕೊಂಡ ಕರಾರು.

ನಮ್ಮಲ್ಲೇನು? 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಕೇಳಿ ಮುಷ್ಕರ ಹೂಡಿದಾಗ ವರ್ಗಾವಣೆಯೇ ದಂಡದ ಕೋಲಾಯಿತು. ಒಂದು ಕಾಗದ ಬಂದರೆ ಮಕ್ಕಳ ಶಾಲೆ, ಮುದಿ ತಾಯಿಯ ಆಸರೆ, ಅಂಗಡಿಯ ಉದ್ರಿ ಲೆಕ್ಕ ಎಲ್ಲವೂ ಚದುರುತ್ತವೆ.

ಹಿರಿತನದ ಪಟ್ಟಿ ಡಿಪೋದ ಗೋಡೆಗೆ ಬೀಳಲಿ, ವರ್ಗಾವಣೆ ಅದರಂತೆಯೇ ನಡೆಯಲಿ. ಗಿರಣಿಯಲ್ಲೂ ನಾವು ಇದನ್ನೇ ಕೇಳೋಣ.