ನಾಲಗೆಯಿಂದ ಬುದ್ಧಿಯನ್ನು ಅಳೆಯಬಹುದೆ?

ಗ್ಯಾಲ್ವನೋಮೀಟರಿನ ಮುಳ್ಳು ಅಲುಗದಿದ್ದರೆ ವಿದ್ಯುತ್ತೇ ಹರಿಯುತ್ತಿಲ್ಲವೆಂದು ಪ್ರಯೋಗಶಾಲೆಗೆ ಹೊಸದಾಗಿ ಬಂದ ವಿದ್ಯಾರ್ಥಿ ತೀರ್ಮಾನಿಸಿಬಿಡುತ್ತಾನೆ. ಮುಳ್ಳೇ ಸಿಕ್ಕಿಕೊಂಡಿರಬಹುದೆಂಬ ಸಂದೇಹ ಅವನಿಗೆ ಹುಟ್ಟುವುದು ಆಮೇಲೆ. ಅಲ್ಲಿ ಈ ತಪ್ಪನ್ನು ತಿದ್ದುವುದು ಸುಲಭ. ಮಾತನಾಡದ ಮಗುವಿನ ವಿಷಯದಲ್ಲಿ ನಾವು ಇದೇ ತಪ್ಪನ್ನು ಮಾಡಿದರೆ, ಅದರ ದಂಡವನ್ನು ತೆರಬೇಕಾದುದು ಆ ಮಗು.

ನಾನು ವೈದ್ಯನಲ್ಲ, ಆದರೆ ಅಳತೆಯ ದೋಷಗಳ ವಿಚಾರ ನನ್ನ ಕಸುಬಿಗೆ ಸೇರಿದುದು. ಆದುದರಿಂದ ಒಂದು ಅಪೂರ್ವ ವ್ಯಾಧಿಯನ್ನು ಓದುಗರ ಮುಂದಿಡುತ್ತೇನೆ. ಇಂಗ್ಲೆಂಡಿನ ನರರೋಗತಜ್ಞ ಸೆಸಿಲ್ ವೂಸ್ಟರ್-ಡ್ರೌಟ್ ಅವರು 1956ರಲ್ಲಿ ಇದನ್ನು ವಿವರಿಸಿದರು. ಇಂದು ಅವರ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ಇದು ಸೆರೆಬ್ರಲ್ ಪಾಲ್ಸಿಯ ಒಂದು ಬಗೆ. ಇಂಥ ಕೂಸಿಗೆ ಹುಟ್ಟಿನಿಂದಲೇ ಹಾಲು ಚೀಪುವುದು ಕಷ್ಟ. ಬೆಳೆದಂತೆ ಅಗಿಯುವುದು, ನುಂಗುವುದು ಕಷ್ಟವಾಗುತ್ತದೆ, ಜೊಲ್ಲು ನಿಲ್ಲುವುದಿಲ್ಲ, ನಾಲಗೆಯನ್ನು ಹೊರಚಾಚಲಾಗುವುದಿಲ್ಲ, ಮಾತು ಬಂದರೂ ಮೂಗಿನಿಂದ ಬಂದಂತೆ ಅಸ್ಪಷ್ಟ.

ನುಂಗುವುದನ್ನು ನಾವು ಸಾಮಾನ್ಯ ಕೆಲಸವೆಂದು ತಿಳಿದಿದ್ದೇವೆ. ವಸ್ತುತಃ ಅದು ಅತಿ ನಾಜೂಕಾದ ವ್ಯವಸ್ಥೆ. ತುತ್ತು ಇಳಿಯುವಾಗ ಕಿರುನಾಲಗೆಯ ಭಾಗ ಮೇಲೇರಿ ಮೂಗಿನ ದಾರಿಯನ್ನು ಮುಚ್ಚಬೇಕು. ಉಸಿರು ಕ್ಷಣಕಾಲ ನಿಲ್ಲಬೇಕು. ಶ್ವಾಸನಾಳದ ಬಾಯಿ ಮುಚ್ಚಬೇಕು. ಇದರಲ್ಲಿ ತಾಳ ತಪ್ಪಿದರೆ ಆಹಾರ ಶ್ವಾಸಕೋಶದ ಕಡೆಗೆ ಸರಿದು ನ್ಯುಮೋನಿಯಾಕ್ಕೆ ಕಾರಣವಾಗಬಹುದು.

ವಿಚಿತ್ರವೆಂದರೆ, ಈ ಮಕ್ಕಳಲ್ಲಿ ಬಾಯಿಯ ಸ್ನಾಯುಗಳು ಸತ್ತಿರುವುದಿಲ್ಲ. ಅವುಗಳನ್ನು ತಲಪುವ ಕೊನೆಯ ನರಗಳೂ ಕೆಟ್ಟಿರುವುದಿಲ್ಲ. ದೋಷವಿರುವುದು ಅದಕ್ಕೂ ಮೇಲೆ, ಮಿದುಳಿನಿಂದ ಅಪ್ಪಣೆ ಇಳಿದು ಬರುವ ಹಾದಿಯಲ್ಲಿ. ದೀಪವೂ ಇದೆ, ತಂತಿಯೂ ಇದೆ. ಗುಂಡಿ ಒತ್ತುವ ಕಡೆಯಲ್ಲಿ ತೊಡಕು.

ಈಗ ಜನರ ಪ್ರತಿಕ್ರಿಯೆಯನ್ನು ನೋಡಿ. ಜೊಲ್ಲು ಸುರಿಸುವ, ಮಾತು ಬಾರದ ಮಗುವನ್ನು ಕಂಡೊಡನೆ "ಪಾಪ, ಬುದ್ಧಿ ಬೆಳೆದಿಲ್ಲ" ಎಂದುಬಿಡುತ್ತಾರೆ. ಇದು ಸಿಕ್ಕಿಕೊಂಡ ಮುಳ್ಳನ್ನು ನೋಡಿ ವಿದ್ಯುತ್ತನ್ನು ಅಳೆದಂತೆ. ಹಾಗೆಂದು ಇವರೆಲ್ಲ ಮೇಧಾವಿಗಳೆನ್ನುವುದೂ ಸತ್ಯವಲ್ಲ. 2000ದಲ್ಲಿ ಇಂಗ್ಲೆಂಡಿನ ವೈದ್ಯರು ಇಂಥ 47 ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಅವರಲ್ಲಿ ಬಹುಮಂದಿಗೆ ಕಲಿಕೆಯ ತೊಂದರೆಯೂ, ಕೈಕಾಲುಗಳಲ್ಲಿ ಅಲ್ಪಸ್ವಲ್ಪ ದೋಷವೂ ಇದ್ದವು. ಕೆಲವರಿಗೆ ಅಪಸ್ಮಾರವೂ ಇತ್ತು. ಆದರೆ ತೊಂದರೆ ಎಷ್ಟೆಂಬುದನ್ನು ನಾಲಗೆ ಹೇಳಲಾರದು. ಬೆರಳಿನಿಂದ ಚಿತ್ರವನ್ನು ತೋರಿಸಲು, ಕಣ್ಣಿನಿಂದ ಆರಿಸಲು, ತಲೆಯಾಡಿಸಲು ಅವಕಾಶ ಕೊಟ್ಟು ಪರೀಕ್ಷಿಸಿದಾಗಲೇ ಅದು ತಿಳಿಯುವುದು.

"ಕೆಲವು ಮಕ್ಕಳಿಗೆ ಮಾತು ತಡ, ಕಾಯಿರಿ" ಎಂಬ ಹಿರಿಯರ ಸಮಾಧಾನ ಎಷ್ಟೋ ಸಲ ನಿಜವಾಗುತ್ತದೆ. ಆದರೆ ಮಾತಿನ ತಡದೊಡನೆ ನುಂಗುವ ತೊಂದರೆಯೂ ನಿಲ್ಲದ ಜೊಲ್ಲೂ ಕೂಡಿದ್ದರೆ ಕಾಯಬಾರದು. ರೋಗವನ್ನು ಬೇರುಸಹಿತ ಕೀಳುವ ಔಷಧವಿಲ್ಲ, ನಿಜ. ಆದರೂ ಆಹಾರದ ಹದವನ್ನೂ ಉಣ್ಣುವಾಗ ಕೂರುವ ಭಂಗಿಯನ್ನೂ ತಿದ್ದಬಹುದು, ಜೊಲ್ಲನ್ನು ತಗ್ಗಿಸಬಹುದು, ಸಂಜ್ಞೆ ಮತ್ತು ಚಿತ್ರಫಲಕಗಳಿಂದ ಮಾತಿಗೆ ಬದಲು ದಾರಿ ಒದಗಿಸಬಹುದು. ಸಂಜ್ಞೆ ಕಲಿಸಿದರೆ ಮಗು ಮಾತನ್ನೇ ಬಿಟ್ಟೀತೆಂಬ ಭಯಕ್ಕೆ ಆಧಾರವಿಲ್ಲ. ಇಂಥ ನೆರವಿಗೆ ನಮ್ಮ ಕನ್ನಡನಾಡಿನವರು ಬಹು ದೂರ ಹೋಗಬೇಕಾಗಿಲ್ಲ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪನೆಯಾದುದು ಮೈಸೂರಿನಲ್ಲಿಯೇ.

ಶಾಲೆಯ ಬಾಗಿಲಲ್ಲಿ ಇಂಥ ಮಗು ಬಂದು ನಿಂತಾಗ ಉಪಾಧ್ಯಾಯರು ಮೊದಲು ಕೇಳಬೇಕಾದುದು "ಇದು ಮಾತನಾಡುತ್ತದೆಯೆ?" ಎಂದಲ್ಲ, "ಇದು ತನಗೆ ತಿಳಿದುದನ್ನು ಯಾವ ದಾರಿಯಿಂದ ಹೇಳಬಲ್ಲದು?" ಎಂದು. ಉಪಕರಣವನ್ನು ಮೊದಲು ಶಂಕಿಸು, ಆಮೇಲೆ ವಸ್ತುವನ್ನು ಎಂಬುದು ಪ್ರಯೋಗಶಾಲೆಯ ಪಾಠ. ಮನುಷ್ಯರ ನಡುವೆಯೂ ಅದು ಒಳ್ಳೆಯ ಪಾಠವೇ.