ಸಂಬಳ ನಿಂತಿತು, ಡ್ಯೂಟಿ ನಿಲ್ಲಲಿಲ್ಲ

2025ರ ಅಕ್ಟೋಬರ್ 1ರಂದು ಅಮೆರಿಕದ ಕೇಂದ್ರ ಸರ್ಕಾರದ ಸುಮಾರು 14 ಲಕ್ಷ ನೌಕರರ ಸಂಬಳ ನಿಂತಿತು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮನೆಯಲ್ಲೇ ಇರಿ ಎಂಬ ಆದೇಶ ಬಂತು. ಉಳಿದವರಿಗೆ ಬಂದ ಆದೇಶ ಇನ್ನೂ ವಿಚಿತ್ರ: ಕೆಲಸಕ್ಕೆ ಬನ್ನಿ, ಸಂಬಳದ ಮಾತು ಆಮೇಲೆ. ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್‌ಗಳು, ಏರ್‌ಪೋರ್ಟಿನಲ್ಲಿ ಬ್ಯಾಗು ತಪಾಸಣೆ ಮಾಡುವವರು, ಜೈಲಿನ ಕಾವಲುಗಾರರು ಎಲ್ಲರೂ ದಿನವೂ ಡ್ಯೂಟಿಗೆ ಹೋದರು. ಸಂಬಳದ ದಿನ ಬಂತು, ಹೋಯಿತು. ಇದು ನವೆಂಬರ್ 12ರವರೆಗೆ, ಒಟ್ಟು 43 ದಿನ ನಡೆಯಿತು.

ಆ ದೇಶದ ಖಜಾನೆ ಬರಿದಾಗಿತ್ತೇ? ಇಲ್ಲ. ಹಣ ಇತ್ತು, ತೆರಿಗೆಯೂ ಬರುತ್ತಿತ್ತು. ಇರಲಿಲ್ಲದ್ದು ಅದನ್ನು ಖರ್ಚು ಮಾಡುವ ಅನುಮತಿ.

ನಮ್ಮಲ್ಲಿ ಹೆಚ್ಚಿನವರು ಈ ಸುದ್ದಿಯನ್ನು ಟ್ರಂಪ್ ಅವರ ಮತ್ತೊಂದು ರಗಳೆ ಎಂದು ಓದಿ ಪುಟ ತಿರುಗಿಸಿದರು. ಆದರೆ ಟ್ರಂಪ್ ರಾಜಕೀಯಕ್ಕೆ ಬರುವುದಕ್ಕೂ ಬಹಳ ಮೊದಲಿನಿಂದ ಅಲ್ಲಿ ಶಟ್‌ಡೌನ್ ನಡೆಯುತ್ತಿದೆ. ಬಜೆಟ್ ಮೇಲೆ ಪಕ್ಷಗಳು ಜಗಳವಾಡುವುದು ಎಲ್ಲ ದೇಶಗಳಲ್ಲೂ ಇದೆ. ಜಗಳವಾದ ಮಾತ್ರಕ್ಕೆ ಕಚೇರಿಗಳಿಗೆ ಬೀಗ ಬೀಳುವುದು ಅಮೆರಿಕದಲ್ಲಿ ಮಾತ್ರ ಯಾಕೆ ಎಂಬುದೇ ನನಗೆ ಹೆಚ್ಚು ಕುತೂಹಲದ ಪ್ರಶ್ನೆ.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ. ಅಲ್ಲಿನ ಸಂಸತ್ತಿನ ಹೆಸರು ಕಾಂಗ್ರೆಸ್. ನಮ್ಮ ಪಕ್ಷದ ಹೆಸರಿನ ಜೊತೆ ಗೊಂದಲವಾಗದಿರಲೆಂದು ನಾನು ಸಂಸತ್ತು ಎಂದೇ ಬರೆಯುತ್ತೇನೆ. ಅಮೆರಿಕದ ಹಣಕಾಸು ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. ಅಷ್ಟರೊಳಗೆ ಇಲಾಖೆಗಳ ಖರ್ಚಿಗೆ ಸಂಬಂಧಿಸಿದ 12 ಮಸೂದೆಗಳು ಎರಡೂ ಸದನಗಳಲ್ಲಿ ಪಾಸಾಗಿ ಅಧ್ಯಕ್ಷರ ಸಹಿ ಪಡೆಯಬೇಕು. ಹನ್ನೆರಡೂ ಸಮಯಕ್ಕೆ ಸರಿಯಾಗಿ ಮುಗಿಯುವುದು ಅಪರೂಪ. ಆಗ ‘ಸದ್ಯಕ್ಕೆ ಹಳೆಯ ದರದಲ್ಲೇ ಖರ್ಚು ಮುಂದುವರಿಯಲಿ’ ಎಂಬ ತಾತ್ಕಾಲಿಕ ಮಸೂದೆಯೊಂದನ್ನು ಪಾಸು ಮಾಡಿಕೊಳ್ಳುತ್ತಾರೆ. ಅದೂ ಬಿದ್ದರೆ ಶಟ್‌ಡೌನ್.

ಇದೇನೂ ಅವರ ಸಂವಿಧಾನ ಬರೆದವರು ಯೋಚಿಸಿ ಇಟ್ಟ ನಿಯಮವಲ್ಲ. ಮಂಜೂರಾಗದ ಹಣವನ್ನು ಇಲಾಖೆಗಳು ಖರ್ಚು ಮಾಡಬಾರದು ಎನ್ನುವ ಕಾಯ್ದೆ 19ನೇ ಶತಮಾನದಿಂದಲೂ ಇದೆ. ಆದರೂ 1980ರವರೆಗೆ ಗಡುವು ಮೀರಿದಾಗ ಕಚೇರಿಗಳು ಮುಚ್ಚುತ್ತಿರಲಿಲ್ಲ. ಸಣ್ಣಪುಟ್ಟ ಖರ್ಚು ಬಿಗಿಮಾಡಿಕೊಂಡು, ಹಣ ಇಂದಲ್ಲ ನಾಳೆ ಬಂದೇ ಬರುತ್ತದೆ ಎಂದು ಕೆಲಸ ಮುಂದುವರಿಸುತ್ತಿದ್ದವು. 1980ರಲ್ಲಿ ಜಿಮ್ಮಿ ಕಾರ್ಟರ್ ಸರ್ಕಾರದ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಆ ಹಳೆಯ ಕಾಯ್ದೆಯನ್ನು ಅಕ್ಷರಶಃ ಓದಿದರು. ಮಂಜೂರಾತಿ ಇಲ್ಲದಿದ್ದರೆ ಕೆಲಸವೂ ನಿಲ್ಲಬೇಕು ಎಂದು ಅಭಿಪ್ರಾಯ ಕೊಟ್ಟರು. ಮರುವರ್ಷ ಜೀವ ಮತ್ತು ಆಸ್ತಿಯ ರಕ್ಷಣೆಯಂಥ ಕೆಲಸಗಳಿಗೆ ವಿನಾಯಿತಿ ಸೇರಿಸಿದರು. ಸಂಬಳವಿಲ್ಲದೆ ಡ್ಯೂಟಿ ಮಾಡುವ ಲಕ್ಷಾಂತರ ಜನರ ಪಾಡಿಗೆ ಮೂಲ ಈ ವಿನಾಯಿತಿ. ಒಬ್ಬ ಕಾನೂನು ಅಧಿಕಾರಿಯ ಅಭಿಪ್ರಾಯ ಹೀಗೆ ಒಂದು ದೇಶದ ರಾಜಕೀಯ ಅಸ್ತ್ರವಾಯಿತು.

ಅಸ್ತ್ರ ಎಂದದ್ದು ಸುಮ್ಮನೆ ಅಲ್ಲ. 2025ರ ಜಗಳವನ್ನೇ ನೋಡಿ. ಎರಡೂ ಸದನಗಳಲ್ಲಿ ರಿಪಬ್ಲಿಕನ್ನರಿಗೆ ಬಹುಮತವಿತ್ತು. ಆದರೆ 100 ಸದಸ್ಯರ ಸೆನೆಟ್‌ನಲ್ಲಿ ಇಂಥ ಮಸೂದೆ ಮುಂದೆ ಸಾಗಲು 60 ಮತ ಬೇಕು, ಅವರ ಬಳಿ ಇದ್ದದ್ದು 53. ಡೆಮಾಕ್ರಟರ ಬೇಡಿಕೆ ಆರೋಗ್ಯ ವಿಮೆಯ ಸಬ್ಸಿಡಿ. ಕೋವಿಡ್ ಕಾಲದಲ್ಲಿ ಹೆಚ್ಚಿಸಿದ್ದ ಆ ಸಬ್ಸಿಡಿ ವರ್ಷಾಂತ್ಯಕ್ಕೆ ಮುಗಿಯುತ್ತಿತ್ತು. ಅದನ್ನು ಮುಂದುವರಿಸುವವರೆಗೆ ಮತ ಇಲ್ಲ ಎಂದರು. ಮೊದಲು ಸರ್ಕಾರ ತೆರೆಯಲಿ, ಆಮೇಲೆ ಮಾತು ಎಂದರು ರಿಪಬ್ಲಿಕನ್ನರು. ಒಂದೇ ಮಸೂದೆ ಹತ್ತಕ್ಕೂ ಹೆಚ್ಚು ಬಾರಿ ಸೆನೆಟ್‌ನಲ್ಲಿ ಬಿತ್ತು.

ಕೊನೆಗೆ ಬಿಕ್ಕಟ್ಟು ಬಗೆಹರಿದದ್ದು ವಾದದಿಂದಲ್ಲ, ಹೊರಗಿನ ಒತ್ತಡದಿಂದ. ಬಡವರ ಆಹಾರ ನೆರವಿನ ಯೋಜನೆಯಲ್ಲಿ ಆಗ ಸುಮಾರು 4.2 ಕೋಟಿ ಜನರಿದ್ದರು, ಅಂದರೆ ಎಂಟು ಅಮೆರಿಕನ್ನರಲ್ಲಿ ಒಬ್ಬರು. ನವೆಂಬರ್ ತಿಂಗಳ ನೆರವು ಅವರಿಗೆ ಸಮಯಕ್ಕೆ ಸಿಗಲಿಲ್ಲ, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಸಂಬಳವಿಲ್ಲದ ಕಂಟ್ರೋಲರ್‌ಗಳು ರಜೆ ಹಾಕತೊಡಗಿದಾಗ 40 ದೊಡ್ಡ ಏರ್‌ಪೋರ್ಟ್‌ಗಳಲ್ಲಿ ವಿಮಾನಗಳ ಸಂಖ್ಯೆಯನ್ನೇ ಇಳಿಸಬೇಕಾಯಿತು. ಆಗ ಡೆಮಾಕ್ರಟರ ಕಡೆಯ ಎಂಟು ಸೆನೆಟರ್‌ಗಳು ಆಚೆ ಹೋಗಿ ಮತ ಹಾಕಿದರು. ಸಬ್ಸಿಡಿಯ ವಿಷಯದಲ್ಲಿ ಅವರಿಗೆ ಸಿಕ್ಕಿದ್ದು ಡಿಸೆಂಬರ್‌ನಲ್ಲಿ ಮತಕ್ಕೆ ಹಾಕುತ್ತೇವೆ ಎಂಬ ಭರವಸೆ. ಡಿಸೆಂಬರ್‌ನಲ್ಲಿ ಮತ ನಡೆಯಿತು, 60 ದಾಟಲಿಲ್ಲ. ವರ್ಷದ ಕೊನೆಗೆ ಸಬ್ಸಿಡಿ ಮುಗಿಯಿತು.

ಹಳೆಯ ಕಥೆಗಳೂ ಹೀಗೇ ಇವೆ. 2013ರಲ್ಲಿ ಒಬಾಮ ಅವರ ಆರೋಗ್ಯ ಕಾಯ್ದೆಗೆ ಹಣ ಕೊಡಬಾರದು ಎಂದು ರಿಪಬ್ಲಿಕನ್ನರು 16 ದಿನ ಸರ್ಕಾರ ನಿಲ್ಲಿಸಿದರು. ತಮಾಷೆಯೆಂದರೆ ಆ ಕಾಯ್ದೆಯಡಿ ಜನ ವಿಮೆ ಕೊಳ್ಳುವ ಆನ್‌ಲೈನ್ ಮಾರುಕಟ್ಟೆ ತೆರೆದದ್ದು ಶಟ್‌ಡೌನ್ ಶುರುವಾದ ಅದೇ ಅಕ್ಟೋಬರ್ 1ರಂದು. ಕಾಯ್ದೆ ಉಳಿಯಿತು. 2018ರ ಡಿಸೆಂಬರ್‌ನಲ್ಲಿ ಮೆಕ್ಸಿಕೊ ಗಡಿಯ ಗೋಡೆಗೆ 570 ಕೋಟಿ ಡಾಲರ್ ಕೊಡಿ ಎಂದು ಟ್ರಂಪ್ ಪಟ್ಟು ಹಿಡಿದರು. 35 ದಿನಗಳ ನಂತರ, ನ್ಯೂಯಾರ್ಕ್‌ನ ಲಾಗಾರ್ಡಿಯಾ ಏರ್‌ಪೋರ್ಟಿನಲ್ಲಿ ವಿಮಾನಗಳು ಸಾಲುಗಟ್ಟಿ ತಡವಾದ ದಿನವೇ, ಪಟ್ಟು ಸಡಿಲಿಸಿದರು. ಆಮೇಲೆ ಸಂಸತ್ತು ಗಡಿ ಬೇಲಿಗೆ ಕೊಟ್ಟದ್ದು 137.5 ಕೋಟಿ ಡಾಲರ್. ಬೇಡಿಕೆ ಇಟ್ಟು ಬಾಗಿಲು ಹಾಕಿಸಿದವರು ಈ ಮೂರು ಸಲವೂ ಬೇಡಿಕೆ ಗೆದ್ದುಕೊಳ್ಳಲಿಲ್ಲ. ಆದರೂ ಮತ್ತೆ ಮತ್ತೆ ಅದನ್ನೇ ಮಾಡುತ್ತಾರಲ್ಲ, ಯಾಕೆ?

ನನ್ನ ಪ್ರಕಾರ ಉತ್ತರ ಸರಳ. ಕಳೆದುಕೊಳ್ಳುವವರು ಬೇರೆ. ಶಟ್‌ಡೌನ್ ನಡೆದಷ್ಟೂ ದಿನ ಸಂಸದರ ಸಂಬಳ ನಿಲ್ಲುವುದಿಲ್ಲ, ಅದಕ್ಕೆ ಪ್ರತ್ಯೇಕ ಕಾಯಂ ವ್ಯವಸ್ಥೆ ಇದೆ. ಕುರ್ಚಿಯೂ ಅಲುಗುವುದಿಲ್ಲ. ಅಧ್ಯಕ್ಷರಿಗೆ ನಾಲ್ಕು ವರ್ಷ, ಸೆನೆಟರ್‌ಗೆ ಆರು ವರ್ಷ, ಕೆಳಮನೆಯವರಿಗೆ ಎರಡು ವರ್ಷ, ಎಲ್ಲವೂ ನಿಗದಿತ ಅವಧಿ. ನಷ್ಟದ ಲೆಕ್ಕ ಮಾತ್ರ ದೊಡ್ಡದು. 2019ರ ಶಟ್‌ಡೌನ್‌ನಿಂದ 300 ಕೋಟಿ ಡಾಲರ್ ಶಾಶ್ವತವಾಗಿ ಹೋಯಿತು ಎಂದು ಸಂಸತ್ತಿನದೇ ಬಜೆಟ್ ಕಚೇರಿ ಹೇಳಿತ್ತು. 2025ರದ್ದು ಆರು ವಾರ ಎಳೆದರೆ 1,100 ಕೋಟಿ ಡಾಲರ್ ಎಂದು ಅಂದಾಜಿಸಿತ್ತು. ಎಳೆದದ್ದು ಆರು ವಾರಕ್ಕಿಂತ ಒಂದು ದಿನ ಹೆಚ್ಚು.

ಕಾಯಂ ನೌಕರರಿಗೆ ಬಾಕಿ ಸಂಬಳ ಕೊನೆಗೂ ಬರುತ್ತದೆ, 2019ರಲ್ಲಿ ಅದಕ್ಕೊಂದು ಕಾಯ್ದೆಯೇ ಆಗಿದೆ. ಅದೇ ಕಟ್ಟಡದಲ್ಲಿ ನೆಲ ಒರೆಸುವ, ಕ್ಯಾಂಟೀನಿನಲ್ಲಿ ಬಡಿಸುವ, ಗೇಟಿನಲ್ಲಿ ನಿಲ್ಲುವ ಗುತ್ತಿಗೆ ಕಾರ್ಮಿಕರಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅವರ 43 ದಿನ ಹೋದದ್ದು ಹೋಯಿತು. ಹೊರಗುತ್ತಿಗೆ ಕೆಲಸದ ರುಚಿ ಗೊತ್ತಿರುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದರ ಬಿಸಿ ಬೆಂಗಳೂರಿಗೂ ತಟ್ಟಿತು. ಎಚ್‌-1ಬಿ ವೀಸಾ ನೋಡುವ ಅಮೆರಿಕದ ವಲಸೆ ಕಚೇರಿ ಅರ್ಜಿ ಶುಲ್ಕದಿಂದಲೇ ನಡೆಯುತ್ತದೆ. ಹಾಗಾಗಿ ಅದು ತೆರೆದೇ ಇತ್ತು. ಆದರೆ ಅಲ್ಲಿಗೆ ಅರ್ಜಿ ಹಾಕಬೇಕಾದರೆ ಮೊದಲು ಕಂಪನಿಯು ಸಂಬಳ ಮತ್ತು ಕೆಲಸದ ಷರತ್ತುಗಳ ಬಗ್ಗೆ ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಎಂಬ ಪತ್ರ ಪಡೆಯಬೇಕು. ಕಾರ್ಮಿಕ ಇಲಾಖೆಯ ಈ ವಿಭಾಗ ನಡೆಯುವುದು ಬಜೆಟ್ ಹಣದಿಂದ. ಅಕ್ಟೋಬರ್ 1ಕ್ಕೆ ಅದರ ಪೋರ್ಟಲ್ ಬಂದ್ ಆಯಿತು, ತಿಂಗಳ ಕೊನೆಯ ದಿನದವರೆಗೆ ತೆರೆಯಲಿಲ್ಲ. ಅಲ್ಲೇ ಇದ್ದು ಕಂಪನಿ ಬದಲಿಸಬೇಕೆಂದಿದ್ದವರಿಗೂ ಹೊಸ ಎಲ್‌ಸಿಎ ಬೇಕು. ಹೊಸ ಎಚ್‌-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಎಂಬ ಘೋಷಣೆ ಸೆಪ್ಟೆಂಬರ್‌ನಲ್ಲಷ್ಟೇ ಬಂದಿತ್ತು. ಅದರ ಬೆನ್ನಿಗೇ ಈ ಬೀಗ.

ಉದ್ಯೋಗ ಹುಡುಕುವವರ ಕಣ್ಣಿಗೆ ಬೀಳಬೇಕಾದ ಇನ್ನೊಂದು ಸಂಗತಿಯಿದೆ. ಅಮೆರಿಕ 1948ರಿಂದ ಪ್ರತಿ ತಿಂಗಳೂ ನಿರುದ್ಯೋಗದ ಪ್ರಮಾಣ ಲೆಕ್ಕ ಹಾಕುತ್ತ ಬಂದಿದೆ. 2025ರ ಅಕ್ಟೋಬರ್‌ನಲ್ಲಿ ಮನೆಮನೆಗಳಿಂದ ಮಾಹಿತಿ ಕೇಳಬೇಕಾದ ಸಿಬ್ಬಂದಿಯೇ ರಜೆಯಲ್ಲಿದ್ದರು. ಹಿಂದಿನ ತಿಂಗಳನ್ನು ಮತ್ತೆ ಅಳೆಯಲು ಆಗುವುದಿಲ್ಲ. ಹಾಗಾಗಿ ಆ ತಿಂಗಳ ಅಂಕಿ ಇಲ್ಲವೇ ಇಲ್ಲ, ಆ ಸಾಲಿನಲ್ಲಿ ಅದೊಂದು ಜಾಗ ಖಾಲಿ.

ಎಂಜಿನಿಯರಿಂಗ್ ಓದುವವರಿಗೆ ಒಂದು ಪ್ರಶ್ನೆ ಅಭ್ಯಾಸವಾಗಿರುತ್ತದೆ: ಯಂತ್ರ ಕೈಕೊಟ್ಟರೆ ಅದು ಯಾವ ಸ್ಥಿತಿಗೆ ಹೋಗಿ ನಿಲ್ಲಬೇಕು? ರೈಲಿನ ಬ್ರೇಕ್ ಪೈಪಿನಲ್ಲಿ ಗಾಳಿಯ ಒತ್ತಡ ಬಿದ್ದುಹೋದರೆ ಬ್ರೇಕ್ ತಾನಾಗಿಯೇ ಬೀಳುತ್ತದೆ. ರೈಲಿಗೆ ನಿಲ್ಲುವುದೇ ಕ್ಷೇಮ. ಸರ್ಕಾರಕ್ಕೆ ನಿಲ್ಲುವುದು ಕ್ಷೇಮವೇ? ಅಲ್ಲ ಎಂದು ಬೇರೆ ದೇಶಗಳು ತೀರ್ಮಾನಿಸಿವೆ. ಜರ್ಮನಿಯ ಸಂವಿಧಾನದಲ್ಲಿ, ಹೊಸ ಬಜೆಟ್ ಬರುವವರೆಗೆ ಅಗತ್ಯ ಖರ್ಚು ಮುಂದುವರಿಸಬಹುದು ಎಂಬ ವಿಧಿಯಿದೆ. ಸ್ಪೇನ್‌ನಲ್ಲಿ 2023ರ ಬಜೆಟ್ಟೇ 2024ಕ್ಕೂ 2025ಕ್ಕೂ ಎಳೆದುಕೊಂಡು ಬಂತು. ಬೆಲ್ಜಿಯಂನಲ್ಲಿ 2010ರ ಚುನಾವಣೆಯ ನಂತರ 541 ದಿನ ಹೊಸ ಸರ್ಕಾರವೇ ರಚನೆಯಾಗಲಿಲ್ಲ. ತಿಂಗಳಿಗೆ ಹಳೆಯ ಬಜೆಟ್ಟಿನ ಹನ್ನೆರಡನೇ ಒಂದು ಭಾಗದ ಲೆಕ್ಕದಲ್ಲಿ ಖರ್ಚು ಸಾಗಿತು, ಕಚೇರಿಗಳು ತೆರೆದಿದ್ದವು.

ಹಾಗಾದರೆ ನಮ್ಮಲ್ಲಿ ಹೇಗೆ? ನಮ್ಮ ಸಂವಿಧಾನದ ಬೀಗವೂ ಅಮೆರಿಕದಷ್ಟೇ ಗಟ್ಟಿ. ಧನವಿನಿಯೋಗ ಕಾಯ್ದೆ ಆಗದೆ ಸಂಚಿತ ನಿಧಿಯಿಂದ ಹಣ ತೆಗೆಯುವಂತಿಲ್ಲ ಎಂದು ಕೇಂದ್ರಕ್ಕೆ 114ನೇ ವಿಧಿ, ರಾಜ್ಯಗಳಿಗೆ 204ನೇ ವಿಧಿ ಹೇಳುತ್ತವೆ. ವ್ಯತ್ಯಾಸ ಕೀಲಿಕೈಯಲ್ಲಿದೆ. ತಡವಾದರೆ ಲೇಖಾನುದಾನ ಪಡೆಯಬಹುದು. ಅದಕ್ಕಿಂತ ಮುಖ್ಯವಾಗಿ, ಕೆಳಮನೆಯಲ್ಲಿ ಬಜೆಟ್ ಪಾಸು ಮಾಡಿಸಲಾಗದ ಸರ್ಕಾರ ಕುರ್ಚಿ ಬಿಡಬೇಕು. ಸೋತವರು ಮನೆಗೆ ಹೋಗುತ್ತಾರೆ, ಗುಮಾಸ್ತರಲ್ಲ.

2019ರ ಜುಲೈನಲ್ಲಿ ಕರ್ನಾಟಕ ಈ ಅಂಚಿಗೆ ಬಂದು ನಿಂತಿತ್ತು. ರೆಸಾರ್ಟ್, ರಾಜೀನಾಮೆ, ಅನರ್ಹತೆಗಳ ಗದ್ದಲ ನಮಗೆ ನೆನಪಿದೆ. ತಿಂಗಳ ಕೊನೆಗೆ ಹಣದ ಗಡುವು ಇದ್ದದ್ದು ಅಷ್ಟಾಗಿ ನೆನಪಿಲ್ಲ. ಜುಲೈ 23ರಂದು ಕುಮಾರಸ್ವಾಮಿ ಅವರ ಮೈತ್ರಿ ಸರ್ಕಾರ 99–105 ಮತಗಳಿಂದ ಬಿತ್ತು. 26ರಂದು ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿದರು, 29ರಂದು ಧ್ವನಿಮತದಿಂದ ವಿಶ್ವಾಸಮತ ಗೆದ್ದರು. ಅದೇ ದಿನ, ಹಿಂದಿನ ಸರ್ಕಾರ ಸಿದ್ಧಪಡಿಸಿದ್ದ ಹಣಕಾಸು ಮಸೂದೆಯನ್ನೇ ಮಂಡಿಸಿ ಪಾಸು ಮಾಡಿಸಿಕೊಂಡರು. ಒಬ್ಬರನ್ನೊಬ್ಬರು ಮುಖ ನೋಡದಷ್ಟು ಜಗಳವಾಡಿದ್ದ ಪಕ್ಷಗಳು ಆ ಒಂದು ಕೆಲಸಕ್ಕೆ ಅಡ್ಡ ಬರಲಿಲ್ಲ.

ಹಾಗೆಂದು ಕಾಲರ್ ಎಗರಿಸುವಂಥದ್ದೇನೂ ಇಲ್ಲ. ಬಹುಮತ ಇದ್ದರೆ ಸಾಕು ಎನ್ನುವ ವ್ಯವಸ್ಥೆಗೆ ತನ್ನದೇ ಬೆಲೆಯಿದೆ. 2018ರ ಮಾರ್ಚ್ 14ರಂದು ಲೋಕಸಭೆ ಇಡೀ ದೇಶದ ಬಜೆಟ್ಟನ್ನು ಗದ್ದಲದ ನಡುವೆ, ಚರ್ಚೆಯಿಲ್ಲದೆ, ಸುಮಾರು ಅರ್ಧ ಗಂಟೆಯಲ್ಲಿ ಪಾಸು ಮಾಡಿ ಮುಗಿಸಿತು. ಅಲ್ಲಿ 43 ದಿನ ಜಗಳವಾಡಿದರು, ಇಲ್ಲಿ ಅರ್ಧ ಗಂಟೆಯೂ ಮಾತಾಡಲಿಲ್ಲ. ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ನಮ್ಮದನ್ನೇ ಆರಿಸುತ್ತೇನೆ. ಚರ್ಚೆ ಬೇಕೆಂದು ನಾಳೆಯೂ ಒತ್ತಾಯಿಸಬಹುದು. ಗೇಟಿನ ಕಾವಲುಗಾರನ ಮನೆ ಬಾಡಿಗೆ ನಾಳೆಯವರೆಗೆ ಕಾಯುವುದಿಲ್ಲ.

ಅಮೆರಿಕದವರಿಗೂ ಇದು ಗೊತ್ತಿದೆ. ಗಡುವು ಮೀರಿದರೆ ಹಳೆಯ ದರದಲ್ಲೇ ಹಣ ತಾನಾಗಿ ಮುಂದುವರಿಯಲಿ ಎನ್ನುವ ಮಸೂದೆಗಳು ಅಲ್ಲಿನ ಸಂಸತ್ತಿನಲ್ಲಿ ಹಲವು ಬಾರಿ ಮಂಡನೆಯಾಗಿವೆ, ಎರಡೂ ಪಕ್ಷದವರು ಮಂಡಿಸಿದ್ದಾರೆ. ಒಂದೂ ಕಾಯ್ದೆಯಾಗಿಲ್ಲ. ಇವತ್ತು ಅಧಿಕಾರದಲ್ಲಿರುವ ಪಕ್ಷಕ್ಕೆ ನಾಳೆ ವಿರೋಧ ಪಕ್ಷದಲ್ಲಿ ಕೂರುವುದು ಗೊತ್ತು, ಆಗ ತನ್ನ ಕೈಯಲ್ಲೂ ಈ ಬೀಗ ಇರಲಿ ಎಂಬ ಆಸೆ. ನವೆಂಬರ್ 12ರಂದು ಟ್ರಂಪ್ ಸಹಿ ಹಾಕಿದ ಮಸೂದೆ ಕೂಡ ಕೃಷಿಯಂಥ ಕೆಲವು ಇಲಾಖೆಗಳಿಗಷ್ಟೇ ವರ್ಷಪೂರ್ತಿ ಹಣ ಕೊಟ್ಟಿತು. ಉಳಿದ ಇಲಾಖೆಗಳಿಗೆ ಅದು ಕೊಟ್ಟ ಗಡುವು 2026ರ ಜನವರಿ 30.