ಸುಂಕದ ಕಟ್ಟೆಯೂ ನೆರೆಮನೆಯೂ

ಅಡಿಕೆಯ ಧಾರಣೆ ತುಸು ಇಳಿದರೆ ಸಾಕು, ನಮ್ಮ ಕಾಸರಗೋಡಿನ ಕಡೆಯ ಸಭೆಗಳಲ್ಲಿ ಒಂದೇ ಘೋಷ ಕೇಳಿಬರುತ್ತದೆ: "ನೆರೆಯ ದೇಶಗಳ ಸರಕನ್ನು ಒಳಗೆ ಬಿಡಕೂಡದು, ಬಾಗಿಲು ಭದ್ರವಾಗಲಿ!" ಹೀಗೆ ಹೇಳುವವರು ತಿಳಿಯದವರಲ್ಲ, ತೋಟವುಳ್ಳವರು, ನಾಲ್ಕಕ್ಷರ ಕಲಿತವರು, ನಾಡಿನ ಹಿತವನ್ನೇ ಬಯಸುವವರು. ಆದುದರಿಂದಲೇ ಅವರ ಮಾತನ್ನು ಒರೆಗೆ ಹಚ್ಚಿ ನೋಡುವುದು ಅಗತ್ಯವಾಗಿದೆ. ರೈತನನ್ನು ಕಾಯುವೆವೆಂಬ ಭರದಲ್ಲಿ ಈ ಮಾತು ಅವನನ್ನು ದಾರಿ ತಪ್ಪಿಸುತ್ತಿದೆ ಎಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ.

ಮೊದಲಿಗೆ ವಸ್ತುಸ್ಥಿತಿಯನ್ನು ನೋಡೋಣ. ಬಾಗಿಲು ಹಾರುಹೊಡೆದಿದೆ ಎಂದು ಗದ್ದಲವೆಬ್ಬಿಸುವವರಿಗೆ ಅದು ಎಷ್ಟು ತೆರೆದಿದೆಯೆಂಬ ಅಂದಾಜಾದರೂ ಇದೆಯೆ? ದಕ್ಷಿಣ ಏಷ್ಯದ ರಾಷ್ಟ್ರಗಳ ಒಟ್ಟು ವ್ಯಾಪಾರದಲ್ಲಿ ಅವು ತಮ್ಮತಮ್ಮೊಳಗೆ ನಡೆಸುವ ಪಾಲು ನೂರಕ್ಕೆ ೫ರಷ್ಟು ಮಾತ್ರ ಎಂದು ವಿಶ್ವ ಬ್ಯಾಂಕು ೨೦೧೮ರಲ್ಲಿ ಲೆಕ್ಕ ಹಾಕಿತು. ಪೂರ್ವ ಏಷ್ಯ ಮತ್ತು ಶಾಂತಸಾಗರದ ದೇಶಗಳಲ್ಲಿ ಅದು ನೂರಕ್ಕೆ ೫೦. ಬಡತನಕ್ಕೆ ಹೆಸರಾದ ಸಹಾರದ ದಕ್ಷಿಣದ ಆಫ್ರಿಕದಲ್ಲಿ ಕೂಡ ನೂರಕ್ಕೆ ೨೨. ಭಾರತದ ವ್ಯಾಪಾರಿಗೆ ನೆರೆಯ ದೇಶದೊಡನೆ ವ್ಯವಹರಿಸುವುದಕ್ಕಿಂತ ಸಪ್ತಸಾಗರದಾಚೆಯ ಬ್ರೆಜಿಲಿನೊಡನೆ ವ್ಯವಹರಿಸುವುದೇ ನೂರಕ್ಕೆ ೨೦ರಷ್ಟು ಅಗ್ಗವೆಂದೂ ಅದೇ ಲೆಕ್ಕ ಹೇಳಿತು. ಬೇಲಿಯಾಚೆಯ ಮನೆಯಿಂದ ಮಜ್ಜಿಗೆ ತರಲು ಊರು ಸುತ್ತಿ ಬರಬೇಕಾದ ಸ್ಥಿತಿ ಇದು!

ಒಪ್ಪಂದಗಳಿಗೇನೂ ಕೊರತೆಯಿಲ್ಲ. ೧೯೮೫ರ ಡಿಸೆಂಬರಿನಲ್ಲಿ ಢಾಕಾದಲ್ಲಿ ಸಾರ್ಕ್ ಸಂಸ್ಥೆ ಹುಟ್ಟಿತು. ಅದರ ಎರಡನೆಯ ಸಮ್ಮೇಳನ ೧೯೮೬ರ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೇ ಜರಗಿತು. ೧೯೯೩ರಲ್ಲಿ ಸುಂಕ ರಿಯಾಯಿತಿಯ ಒಪ್ಪಂದ, ೨೦೦೪ರಲ್ಲಿ ಇಸ್ಲಾಮಾಬಾದಿನಲ್ಲಿ ಮುಕ್ತ ವ್ಯಾಪಾರದ ಒಪ್ಪಂದ, ೨೦೦೬ರಿಂದ ಅದರ ಜಾರಿ. ೨೦೧೪ರಲ್ಲಿ ಕಾಠ್ಮಂಡುವಿನಲ್ಲಿ ನಾಯಕರು ಸೇರಿದರು. ೨೦೧೬ರಲ್ಲಿ ಇಸ್ಲಾಮಾಬಾದಿನಲ್ಲಿ ಸೇರಬೇಕಾದವರು ಸೇರಲಿಲ್ಲ. ಕಾಗದದ ಮೇಲೆ ಬಾಗಿಲು ತೆರೆಯಿತು. ನೆಲದ ಮೇಲೆ ಅಗುಳಿ ಹಾಗೆಯೇ ಉಳಿಯಿತು.

ಬಾಗಿಲು ಮುಚ್ಚಿದವರು ಗಳಿಸಿದುದೇನು? ಇತಿಹಾಸದ ಒಂದು ಪಾಠ ಸಾಕು. ದೇಶವಿಭಜನೆಯಾದಾಗ ಒಳ್ಳೆಯ ಸೆಣಬು ಬೆಳೆಯುವ ನೆಲ ಪೂರ್ವ ಬಂಗಾಳಕ್ಕೆ ಹೋಯಿತು. ಸೆಣಬಿನ ಗಿರಣಿಗಳೆಲ್ಲ ಹೂಗ್ಲಿಯ ದಂಡೆಯಲ್ಲಿ ಭಾರತಕ್ಕೆ ಉಳಿದುವು. ಒಬ್ಬನಲ್ಲಿ ಹತ್ತಿ, ಇನ್ನೊಬ್ಬನಲ್ಲಿ ರಾಟೆ ಎಂಬಂತೆ! ೧೯೪೯ರ ಸೆಪ್ಟೆಂಬರಿನಲ್ಲಿ ಭಾರತ ತನ್ನ ರೂಪಾಯಿಯ ಬೆಲೆ ಇಳಿಸಿತು, ಪಾಕಿಸ್ತಾನ ಇಳಿಸಲಿಲ್ಲ. ಯಾರ ರೂಪಾಯಿಗೆ ಎಷ್ಟು ಬೆಲೆಯೆಂಬ ಹಟದಲ್ಲಿ ವ್ಯಾಪಾರವೇ ನಿಂತಿತು. ಅಲ್ಲಿ ರೈತನ ಸೆಣಬಿಗೆ ಗಿರಾಕಿಯಿಲ್ಲ. ಇಲ್ಲಿ ಗಿರಣಿಗೆ ಸೆಣಬಿಲ್ಲ. ಅನಂತರ ಅವರು ನಾರಾಯಣಗಂಜಿನಲ್ಲಿ ಆದಮ್‌ಜಿಯಂತಹ ಗಿರಣಿಗಳನ್ನು ಕಟ್ಟಿದರು. ನಾವು ಪಶ್ಚಿಮ ಬಂಗಾಳದ ಬತ್ತದ ಗದ್ದೆಗಳಲ್ಲಿ ಸೆಣಬು ಬಿತ್ತಿದೆವು. ಒಂದೇ ಕೆಲಸವನ್ನು ಇಬ್ಬರೂ ಎರಡೆರಡು ಸಲ, ಎರಡರಷ್ಟು ಖರ್ಚಿನಲ್ಲಿ ಮಾಡಿದೆವು. ಈ ಹಟಕ್ಕೆ ಸ್ವಾವಲಂಬನವೆಂಬ ಗೌರವದ ಹೆಸರನ್ನು ಕೊಡಲು ನಮಗೆ ಮನಸ್ಸು ಬಾರದು.

"ಅದು ಬಂಗಾಳದ ಕಥೆ, ನಮ್ಮ ಒಳ್ಳೆಮೆಣಸಿನ ಕಥೆಯೇನು?" ಎಂದು ತೋಟದ ಮಿತ್ರರು ಕೇಳುವರು. ನ್ಯಾಯವಾದ ಪ್ರಶ್ನೆ. ೧೯೯೮ರ ಡಿಸೆಂಬರಿನಲ್ಲಿ ಸಹಿಯಾಗಿ ೨೦೦೦ದಲ್ಲಿ ಜಾರಿಗೆ ಬಂದ ಭಾರತ-ಶ್ರೀಲಂಕಾ ಒಪ್ಪಂದದಂತೆ ಆ ದ್ವೀಪದ ಮೆಣಸು ಒಂದು ಮಿತಿಯವರೆಗೆ, ವರ್ಷಕ್ಕೆ ೨,೫೦೦ ಟನ್ನಿನಷ್ಟು, ಸುಂಕವಿಲ್ಲದೆ ನಮ್ಮಲ್ಲಿಗೆ ಬರಬಹುದು. ವಿಯೆಟ್ನಾಮಿನ ಅಗ್ಗದ ಮೆಣಸು ನೇರವಾಗಿ ಬಂದರೆ ಭಾರಿ ಸುಂಕ ತೆರಬೇಕು. ಆಗ ಚತುರ ವ್ಯಾಪಾರಿ ಮಾಡಿದ್ದೇನು? ವಿಯೆಟ್ನಾಮಿನ ಮೆಣಸಿಗೆ ಶ್ರೀಲಂಕೆಯ ಜನ್ಮಪತ್ರಿಕೆ ಬರೆಯಿಸಿ ನಮ್ಮ ರೇವಿಗೆ ಇಳಿಸಿದ. ಕೊಡಗು, ವಯನಾಡು, ಕಾಸರಗೋಡುಗಳ ಬೆಳೆಗಾರ ಬಳ್ಳಿಯ ಬುಡದಲ್ಲಿ ತಲೆಗೆ ಕೈಹೊತ್ತು ಕುಳಿತ. ೨೦೧೭ರ ಡಿಸೆಂಬರಿನಲ್ಲಿ ಸರಕಾರವು ಆಮದಿನ ಮೆಣಸಿಗೆ ಕಿಲೋಗೆ ೫೦೦ ರೂಪಾಯಿಗಳ ಕನಿಷ್ಠ ಬೆಲೆಯನ್ನು ವಿಧಿಸಬೇಕಾಯಿತು.

ಬೆಳೆಗಾರನ ಸಂಕಟ ದಿಟ. ಅದನ್ನು ಅಲ್ಲಗಳೆಯುವವನು ತೋಟದ ಮುಖ ಕಂಡವನಲ್ಲ. ಆದರೆ ತಪ್ಪು ಯಾರದು? ಶ್ರೀಲಂಕೆಯ ಮಾತಲೆ, ಕ್ಯಾಂಡಿಗಳ ಗುಡ್ಡಗಳಲ್ಲಿ ನಮ್ಮಂತೆಯೇ ಬಳ್ಳಿ ಹಬ್ಬಿಸಿ ಬದುಕುವ ಬಡವನದೆ? ಅವನ ಹೆಸರಿನಲ್ಲಿ ಅನ್ಯರ ಮೆಣಸು ಮಾರಾಟವಾದಾಗ ಅವನ ಮೆಣಸಿನ ಮಾನವೂ ಹೋಯಿತು. ಆಮದಿನ ಮೇಲೆ ಕನಿಷ್ಠ ಬೆಲೆ ಬಿದ್ದಾಗ ಅವನ ಸಾಚಾ ಸರಕಿಗೂ ಅಡ್ಡಿ ಬಂತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದಂತಾಯಿತು! ಸುಳ್ಳು ಕಾಗದ ಹುಟ್ಟಿಸಿದ ವ್ಯಾಪಾರಿ, ಕಣ್ಣುಮುಚ್ಚಿ ಮೊಹರು ಒತ್ತಿದ ಅಧಿಕಾರಿ, ಅಗ್ಗವೆಂದು ಕೊಂಡ ನಮ್ಮದೇ ದೇಶದ ಖರೀದಿದಾರ, ಈ ಮೂವರನ್ನು ಬಿಟ್ಟು ನಾವು ದೂರುತ್ತಿರುವುದು ನಾಲ್ಕನೆಯವನನ್ನು. ಸರಕಿನ ಹುಟ್ಟೂರನ್ನು ಆಮದುದಾರನೇ ಸಾಬೀತುಪಡಿಸಬೇಕೆಂಬ ನಿಯಮ ೨೦೨೦ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಮದ್ದು ಇರುವುದು ಅಲ್ಲಿ. ಆ ನಿಯಮವನ್ನು ನಿಷ್ಠುರವಾಗಿ ನಡೆಯಿಸಿರೆಂದು ಎಷ್ಟು ಸಭೆಗಳು ಠರಾವು ಮಾಡಿವೆ?

ಅಡಿಕೆಯ ವಿಷಯವೂ ಹೀಗೆಯೇ. ೨೦೨೨ರ ಸೆಪ್ಟೆಂಬರಿನಲ್ಲಿ ಭೂತಾನದಿಂದ ೧೭,೦೦೦ ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಕಟ್ಟಿಲ್ಲದೆ ತರಲು ಅಪ್ಪಣೆಯಾದಾಗ ನಮ್ಮಲ್ಲಿ ಆಕಾಶವೇ ಕಳಚಿಬಿದ್ದಂತಾಯಿತು. ಭಾರತದ ಅಡಿಕೆಯ ಬೆಳೆ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮಿಕ್ಕಿದ್ದು. ಅದರ ಮುಂದೆ ಹದಿನೇಳು ಸಾವಿರ ಟನ್, ಅದೂ ಹಸಿಯದು! ಒಣಗಿಸಿ ಸುಲಿದ ಮೇಲೆ ಅದರ ತೂಕ ಎಷ್ಟಕ್ಕಿಳಿಯುವುದೆಂದು ಚಾಲಿ ಸುಲಿದ ಕೈಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ೨೦೨೩ರ ಫೆಬ್ರವರಿಯಲ್ಲಿ ಆಮದಿನ ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ ೨೫೧ ರೂಪಾಯಿಗಳಿಂದ ೩೫೧ಕ್ಕೆ ಏರಿಸಿದರು. ಲೇಸು. ಆದರೆ ಕೊಳೆರೋಗಕ್ಕೆ, ಹಳದಿ ರೋಗಕ್ಕೆ, ಎಲೆಚುಕ್ಕಿಗೆ ಯಾವ ಸುಂಕ ವಿಧಿಸುವಿರಿ? ಅವು ಗಡಿ ಕೇಳಿ ಬರುವುದಿಲ್ಲ. ಭೂತಾನದವನನ್ನು ಬೈದಷ್ಟು ಸುಲಭವಾಗಿ ರೋಗಕ್ಕೆ ಮದ್ದು ಕೇಳಲು ಬಾಯಿ ಬರುವುದಿಲ್ಲವೇಕೆ?

ಇನ್ನೊಂದು ವಾದವಿದೆ: "ವೈರಿಯೊಡನೆ ವ್ಯಾಪಾರವೆ?" ರಕ್ತ ಹರಿದ ದಿನ ಮನಸ್ಸು ಕುದಿಯುವುದು ಸಹಜ, ದೇಶದ ರಕ್ಷಣೆ ವ್ಯಾಪಾರಕ್ಕಿಂತ ದೊಡ್ಡದು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ೨೦೧೯ರ ಫೆಬ್ರವರಿಯಲ್ಲಿ ಪುಲ್ವಾಮದ ಹತ್ಯೆಯ ಅನಂತರ ಪಾಕಿಸ್ತಾನದ ಸರಕಿನ ಮೇಲೆ ನೂರಕ್ಕೆ ೨೦೦ರಷ್ಟು ಸುಂಕ ಬಿತ್ತು. ಆಗಸ್ಟಿನಲ್ಲಿ ಅವರೂ ವ್ಯಾಪಾರ ನಿಲ್ಲಿಸಿದರು. ೨೦೨೫ರಲ್ಲಿ ಪಹಲ್ಗಾಮಿನ ಹತ್ಯೆಯ ಅನಂತರ ಉಳಿದ ಆಮದೂ ನಿಷಿದ್ಧವಾಯಿತು. ಆದರೂ ಒಂದು ಸಂಗತಿಯನ್ನು ಗಮನಿಸಬೇಕು. ೨೦೧೯ರ ಆಗಸ್ಟಿನಲ್ಲಿ ವ್ಯಾಪಾರ ನಿಲ್ಲಿಸಿದ ಪಾಕಿಸ್ತಾನವೇ ಸೆಪ್ಟೆಂಬರಿನಲ್ಲಿ ಭಾರತದ ಔಷಧಗಳಿಗೆ ಮತ್ತೆ ಬಾಗಿಲು ತೆರೆಯಿತು. ರೋಗಿಗೆ ಹಟ ಹಿಡಿಯಲು ಪುರಸೊತ್ತಿಲ್ಲ. ಬಾಗಿಲು ಮುಚ್ಚಿದಾಗಲೂ ಸರಕು ದುಬಾಯಿಯನ್ನು ಸುತ್ತಿ ಸಾಗಿದ್ದುಂಟು. ಅಟ್ಟಾರಿಯಲ್ಲಿ ಮೂಟೆ ಹೊರುತ್ತಿದ್ದ ಹಮಾಲಿಯ ಕೂಲಿ ಹೋಯಿತು. ದುಬಾಯಿಯ ದಲ್ಲಾಳಿಯ ಲಾಭ ಏರಿತು. ಶಿಕ್ಷೆ ಯಾರಿಗಾಗಬೇಕೋ ಅವರಿಗೇ ಆಯಿತೆ ಎಂದು ಕೇಳುವ ಹಕ್ಕು ಪ್ರಜೆಗಿದೆ.

ವೈರವಿಲ್ಲದ ನೆರೆಯವರೊಡನೆ ನಾವು ನಡೆದುಕೊಂಡ ಬಗೆಯಾದರೂ ಮೆಚ್ಚುವಂತಿದೆಯೆ? ನೇಪಾಳಕ್ಕೆ ಸಮುದ್ರವಿಲ್ಲ, ನಮ್ಮ ನೆಲವೇ ಅದರ ರೇವು. ೧೯೮೯ರಲ್ಲಿ ಒಪ್ಪಂದದ ಅವಧಿ ಮುಗಿದಾಗ ಎರಡನ್ನುಳಿದು ಮಿಕ್ಕ ಸಾಗಣೆಯ ದಾರಿಗಳು ಮುಚ್ಚಿದುವು. ೨೦೧೫ರಲ್ಲಿ, ಭೂಕಂಪದಿಂದ ಮನೆಮಠ ಕಳೆದುಕೊಂಡ ಜನ ಇನ್ನೂ ಚೇತರಿಸಿಕೊಳ್ಳದಿರುವಾಗಲೇ, ಗಡಿಯಲ್ಲಿ ಲಾರಿಗಳು ಮತ್ತೆ ನಿಂತುವು. ಅದು ಮಧೇಸಿಗಳ ಚಳವಳಿಯ ಫಲವೆಂದು ದೆಹಲಿ ಹೇಳಿತು. ಅಘೋಷಿತ ದಿಗ್ಬಂಧನವೆಂದು ಕಾಠ್ಮಂಡು ಹೇಳಿತು. ಯಾರ ಮಾತು ಸರಿಯಾದರೂ ಒಲೆಗೆ ಅನಿಲವಿಲ್ಲದೆ ಕುಳಿತ ಗೃಹಿಣಿಗೆ ವ್ಯತ್ಯಾಸವೇನು? ಮರುವರ್ಷವೇ ನೇಪಾಳವು ಚೀನದೊಡನೆ ಸಾಗಣೆಯ ಒಪ್ಪಂದಕ್ಕೆ ಸಹಿ ಹಾಕಿತು. ೨೦೨೫ರ ಏಪ್ರಿಲಿನಲ್ಲಿ ಬಾಂಗ್ಲಾದೇಶವು ನಮ್ಮ ನೂಲು ಭೂಮಾರ್ಗವಾಗಿ ಬರಕೂಡದೆಂದಿತು. ಮೇ ತಿಂಗಳಲ್ಲಿ ನಾವು ಅವರ ಸಿದ್ಧ ಉಡುಪು ಎರಡು ಸಮುದ್ರರೇವುಗಳಿಂದಲ್ಲದೆ ಬರಕೂಡದೆಂದೆವು. ಇಬ್ಬರೂ ಗೆದ್ದೆವೆಂದುಕೊಂಡೆವು, ನೂಲುವವನೂ ಹೊಲಿಯುವವಳೂ ಸೋತರು.

ಮನಸ್ಸಿದ್ದರೆ ಬೇರೆ ದಾರಿಯೂ ಉಂಟು. ನೇಪಾಳದ ಹೊಳೆಗಳಲ್ಲಿ ಹುಟ್ಟಿದ ೪೦ ಮೆಗಾವಾಟ್ ವಿದ್ಯುತ್ತು ಭಾರತದ ತಂತಿಗಳ ಮೂಲಕ ಬಾಂಗ್ಲಾದೇಶಕ್ಕೆ ಹರಿಯಲೆಂದು ೨೦೨೪ರ ಅಕ್ಟೋಬರಿನಲ್ಲಿ ಮೂರು ದೇಶಗಳು ಸಹಿ ಹಾಕಿದುವು. ೨೦೨೫ರ ಜೂನಿನಲ್ಲಿ ಅದು ಹರಿಯಿತು. ಮೇಲೆ ಹೇಳಿದ ಜಗಳಗಳೆಲ್ಲ ನಡೆಯುತ್ತಿದ್ದಾಗಲೇ ಇದು ನಡೆಯಿತೆಂಬುದನ್ನು ಮರೆಯಬಾರದು. ಭೂತಾನದ ಚುಖಾ, ತಾಲಾ ಯೋಜನೆಗಳಿಗೆ ಭಾರತ ಬಂಡವಾಳ ಹಾಕಿತು. ಅವರಿಗೆ ವರಮಾನವಾಯಿತು, ನಮಗೆ ವಿದ್ಯುತ್ತು ಬಂತು. ಆಂಧ್ರದ ಅಚ್ಯುತಾಪುರದಲ್ಲಿ ಶ್ರೀಲಂಕೆಯ ಬ್ರ್ಯಾಂಡಿಕ್ಸ್ ಸಂಸ್ಥೆ ಕಟ್ಟಿದ ಉಡುಪಿನ ಕಾರ್ಖಾನೆಗಳಲ್ಲಿ ಸಾವಿರಾರು ತೆಲುಗು ಹೆಣ್ಣುಮಕ್ಕಳು ದುಡಿಯುತ್ತಾರೆ. ೨೦೨೨ರಲ್ಲಿ ಶ್ರೀಲಂಕೆ ದಿವಾಳಿಯೆದ್ದು ಪೆಟ್ರೋಲಿಗೆ ಜನ ಸಾಲು ನಿಂತಾಗ, ೨೦೦೩ರಿಂದ ಅಲ್ಲಿ ಬೇರೂರಿದ್ದ ಭಾರತದ ತೈಲಸಂಸ್ಥೆಯ ಪಂಪುಗಳು ಅವರ ನೆರವಿಗಾದುವು. ಬಂಡವಾಳವೆಂದರೆ ಸುಲಿಗೆಯೆಂದೇ ಬಗೆಯುವವರು ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಹಣ ಹೂಡಿದವನಿಗೆ ನೆರೆಯವನ ಏಳಿಗೆಯಲ್ಲಿ ಪಾಲಿರುತ್ತದೆ. ಪಾಲುಳ್ಳವನು ಬೆಂಕಿ ಹಚ್ಚಲು ಎರಡು ಸಲ ಯೋಚಿಸುತ್ತಾನೆ.

"ಇದೆಲ್ಲ ದೊಡ್ಡವರ ರಾಜಕಾರಣ, ನಮಗೇಕೆ?" ಎನ್ನುವವರಿಗೆ ಒಂದು ಮಾತು. ಮುಚ್ಚಿದ ಗಡಿ ಎಂತಹುದೆಂದು ಈ ದೇಶದಲ್ಲಿ ಯಾರಾದರೂ ಬಲ್ಲರೆಂದರೆ ಅದು ಗಡಿನಾಡ ಕನ್ನಡಿಗರಾದ ನಾವು. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ನಮ್ಮ ಅಡಿಕೆಯ ಪೇಟೆ, ನಮ್ಮ ಆಸ್ಪತ್ರೆ, ನಮ್ಮ ಮಕ್ಕಳ ಕಾಲೇಜು ಮಂಗಳೂರಿನಲ್ಲೇ ಉಳಿದುವು. ೨೦೨೦ರ ಮಾರ್ಚಿನಲ್ಲಿ ಸೋಂಕಿನ ಭಯದಿಂದ ಕರ್ನಾಟಕವು ಈ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿತು. ತಲಪಾಡಿಯ ಆಚೆ ಹೋಗಲಾರದೆ ರೋಗಿಗಳು ಪ್ರಾಣಬಿಟ್ಟ ಸುದ್ದಿಗಳನ್ನು ದಿನವೂ ಓದಿದೆವು. ಏಪ್ರಿಲ್ ೧ರಂದು ಕೇರಳದ ಉಚ್ಚ ನ್ಯಾಯಾಲಯ ರೋಗಿಗಳಿಗಾಗಿ ದಾರಿ ತೆರವು ಮಾಡಿಸಬೇಕೆಂದು ಆಜ್ಞಾಪಿಸಬೇಕಾಯಿತು. ಮುಚ್ಚಿದವರೂ ತಮ್ಮ ಜನರ ರಕ್ಷಣೆಗಾಗಿ ಎಂದೇ ಹೇಳಿದರು. ಒಂದೇ ದೇಶದ, ಒಂದೇ ಭಾಷೆಯ ಜನರ ನಡುವೆಯೇ ಆ ಮಣ್ಣು ಇಷ್ಟು ಭಾರವಾಯಿತಾದರೆ, ಸೀಮೆಯಾಚೆಯ ನೇಪಾಳಿಗೆ, ಬಂಗಾಳಿಗೆ, ಸಿಂಹಳೀಯನಿಗೆ ಅದು ಎಷ್ಟು ಭಾರವೆಂದು ನಾವೂ ಅರಿಯದಿದ್ದರೆ ಮತ್ತಾರು ಅರಿಯಬೇಕು? ನಮಗೆ ಬಂದಾಗ ಅನ್ಯಾಯ, ಇತರರಿಗೆ ಬಂದಾಗ ದೇಶಹಿತ ಎಂಬ ಎರಡು ನಾಲಗೆ ನಮಗೆ ಬೇಡ.

ನಮ್ಮ ಹಿರಿಯರಿಗೆ ಈ ಸಂಕುಚಿತ ಬುದ್ಧಿ ಇರಲಿಲ್ಲ. ಮಂಗಳೂರಿನ ಹೆಂಚು ಹಡಗೇರಿ ಸಿಂಹಳಕ್ಕೂ ಬರ್ಮಾಕ್ಕೂ ಹೋಗುತ್ತಿದ್ದಾಗ, ಅಲ್ಲಿನವರು ಬಾಗಿಲು ಮುಚ್ಚಲೆಂದು ಯಾರೂ ಹಾರೈಸಲಿಲ್ಲ. ನಮ್ಮ ಸರಕು ಹೋಗಬೇಕು, ಅವರದು ಬರಬಾರದು ಎಂಬುದು ವ್ಯಾಪಾರಧರ್ಮವಲ್ಲ.

ಆದುದರಿಂದ ನಮ್ಮ ಸಂಘಗಳು, ಬೆಳೆಗಾರರ ಸಭೆಗಳು ಇನ್ನು ಮುಂದೆ ಬೇರೆ ಠರಾವುಗಳನ್ನು ಮಾಡಲಿ. ಹುಟ್ಟೂರು ಮರೆಸಿ ಬಂದ ಸರಕನ್ನು ರೇವಿನಲ್ಲೇ ಹಿಡಿದು, ತರಿಸಿದವನನ್ನು ಶಿಕ್ಷಿಸಲಿ. ಯಾವ ದೇಶದಿಂದ ಎಷ್ಟು ಬರುವುದೆಂಬುದನ್ನು ಬೆಳೆಗಾರನಿಗೆ ಮುಂಚಿತವಾಗಿ ತಿಳಿಸಲಿ. ಅದರಿಂದ ಸಣ್ಣ ಹಿಡುವಳಿದಾರನಿಗೆ ಪೆಟ್ಟು ಬಿದ್ದರೆ ಪರಿಹಾರ ಕೊಡಲಿ. ಅನ್ನ, ಔಷಧ, ಇಂಧನಗಳ ದಾರಿಯನ್ನು ಯಾವ ಜಗಳಕ್ಕೂ ಬೆತ್ತವಾಗಿ ಬಳಸದಿರಲಿ. ೧೯೭೨ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಮೆಣಸು ಸಮುದಾಯದಲ್ಲಿ ಭಾರತವೂ ಶ್ರೀಲಂಕೆಯೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಅಧಿಕಾರಿಗಳು ಕುಳಿತಲ್ಲಿ ಬೆಳೆಗಾರರೂ ಕುಳಿತು ಮಾತನಾಡಲಿ. ಸುಂಕದವನ ಮುಂದೆ ಸುಖದುಃಖ ಹೇಳಿ ಫಲವಿಲ್ಲವೆಂಬುದು ಗಾದೆ. ನಿಜ, ಸುಖದುಃಖವನ್ನು ಹೇಳಿಕೊಳ್ಳಬೇಕಾದುದು ನೆರೆಮನೆಯವನೊಡನೆ. ಅವನೂ ನಮ್ಮಂತೆಯೇ ಬಳ್ಳಿ ನೆಟ್ಟು, ಮಳೆಯನ್ನು ಕಾದು, ಧಾರಣೆಯನ್ನು ನಂಬಿ ಬಾಳುವವನು.